ರಿವರ್ಸ್ ಮಾತ್ರ ಕಲಿಸಿ, ಮೇಷ್ಟ್ರೆ

ಡ್ರೈವಿಂಗ್ ಮೇಷ್ಟ್ರ ಬಲಗಾಲಿಗೆ ಒಂದು ಕೆಟ್ಟ ಚಾಳಿ. ಚಾಳಿ ಕಾಲಿನದು, ತಮ್ಮದಲ್ಲ ಎಂದು ಮೇಷ್ಟ್ರು ವಾದಿಸುತ್ತಿದ್ದರು. ಕಾರು ಕಲಿಯಲು ಬಂದವರ ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿ ತಮಗೆಂದೇ ಜೋಡಿಸಿದ್ದ ಎರಡನೆಯ ಬ್ರೇಕನ್ನು ಒತ್ತಿ ಒತ್ತಿ ಅರ್ಧ ಆಯಸ್ಸು ಸವೆಸಿದ ಕಾಲು ಅದು. ಎದುರಿಗೆ ಏನಾದರೂ ಅಡ್ಡ ಬಂದರೆ ಯಜಮಾನರ ಅಪ್ಪಣೆಗೆ ಕಾಯುತ್ತಿರಲಿಲ್ಲ. ತಾನಾಗಿ ಎದ್ದು ಧಪ್ಪೆಂದು ನೆಲ ತುಳಿಯುತ್ತಿತ್ತು. ಸಿನಿಮಾ ಪರದೆಯ ಮೇಲೆ ಲಾರಿ ಬಂದರೂ ತುಳಿಯುತ್ತಿತ್ತು. ಮನೆಯಲ್ಲಿ ಹೆಂಡತಿ ಬಿಸಿ ಪಾತ್ರೆ ಹಿಡಿದು ರಭಸವಾಗಿ ಬಂದರೂ ತುಳಿಯುತ್ತಿತ್ತು.

ಆ ದಿನ ಅವರು ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದರು. ಕಾರು ರಿಪೇರಿಗೆ ಹೋಗಿತ್ತು. ಶಿಷ್ಯರೊಬ್ಬರು ಅದರ ಮೂತಿಯನ್ನು ಕರೆಂಟು ಕಂಬಕ್ಕೆ ಮುಟ್ಟಿಸಿದ್ದರು. ಮುಂದೆ ಸಿಗ್ನಲ್ಲು ಕೆಂಪಾಯಿತು. ಬಸ್ಸಿನ ಡ್ರೈವರು ಬ್ರೇಕು ಹಾಕಲು, ಮೇಷ್ಟ್ರಿಗೆ ಸರಿಕಂಡದ್ದಕ್ಕಿಂತ ಒಂದು ಗಳಿಗೆ ತಡ ಮಾಡಿದ. ಬಲಗಾಲು ಎದ್ದಿತು, ಇಳಿಯಿತು, ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಪಾದದ ಮೇಲೆ ಭದ್ರವಾಗಿ ಊರಿಕೊಂಡಿತು.

"ಅಯ್ಯಯ್ಯೋ, ತಪ್ಪು ತಿಳ್ಕೋಬೇಡಿ, ಬೇಕಂತ ಮಾಡಿದ್ದಲ್ಲ!" ಎಂದು ಮೇಷ್ಟ್ರು ಕೂಗಿಕೊಂಡರು. ಬಸ್ಸಿನ ಅರ್ಧ ಜನ ಕತ್ತು ತಿರುಗಿಸಿದರು. ಇನ್ನರ್ಧ ಜನ ಆಗಲೇ ತಿರುಗಿಸಿದ್ದರು. ಹೆಂಗಸು ಐವತ್ತು ದಾಟಿದವರು. ತಮ್ಮ ಪಾದದ ಮೇಲಿದ್ದ ಬೂಟನ್ನೊಮ್ಮೆ ನೋಡಿದರು, ಮುಂದಿನ ಗಾಜಿನಾಚೆ ಒಮ್ಮೆ ನೋಡಿದರು.

"ನಿಂತ್ತಾ ಬಸ್ಸು?"

"ಹಾಂ... ನಿಂತಿತು."

"ಹಾಗಾದ್ರೆ ಇನ್ನು ಕಾಲು ತೆಗೀಬಹುದು."

ಮೇಷ್ಟ್ರು ಕಾಲು ತೆಗೆದರು. ತಾವು ಡ್ರೈವಿಂಗ್ ಶಾಲೆ ನಡೆಸುವವರೆಂದೂ, ಇದು ಕೆಲಸದಿಂದ ಅಂಟಿದ ಜಾಡ್ಯವೆಂದೂ, ತಾವು ಮರ್ಯಾದಸ್ಥರೆಂದೂ ಒಂದೇ ಉಸಿರಿಗೆ ಒಪ್ಪಿಸಿದರು. ಮಾತಿಗೆ ಅವರಲ್ಲಿ ಎಂದೂ ಬರಗಾಲವಿರಲಿಲ್ಲ. ಹೆಂಗಸು ಪೂರ್ತಿ ಕೇಳಿಸಿಕೊಂಡು, "ಕಾರು ಕಲಿಸ್ತೀರಾ? ಒಳ್ಳೇದಾಯ್ತು. ನಂಗೆ ಕಲಿಸಿ," ಅಂದರು. "ರಿವರ್ಸ್ ಮಾತ್ರ."

ತಮಾಷೆ ಇರಬೇಕೆಂದು ಮೇಷ್ಟ್ರು ನಕ್ಕರು. ಹೆಂಗಸು ನಗಲಿಲ್ಲ. ಕಾಲು ತುಳಿಸಿಕೊಂಡವರ ಎದುರು ಹೆಚ್ಚು ಹೊತ್ತು ನಗುವುದು ಸರಿಯಲ್ಲವೆಂದು ನಗು ನುಂಗಿ, ಸೋಮವಾರ ಬನ್ನಿ ಅಂದುಬಿಟ್ಟರು. ಆ ಒಂದು ಮಾತಿಗೆ ಮುಂದೆ ಎಷ್ಟು ಸಲ ತಲೆ ಚಚ್ಚಿಕೊಂಡರೋ ಲೆಕ್ಕವಿಲ್ಲ.

ಬಂದವರನ್ನು ಎಲ್ಲರೂ ಕೇಕಿನಕ್ಕ ಅನ್ನುತ್ತಿದ್ದರು. ಪೇಟೆಯ ದೊಡ್ಡ ಬೇಕರಿಯ ಹಿಂಬದಿಯ ಕೋಣೆಯಲ್ಲಿ ಕೇಕುಗಳ ಮೇಲೆ ಕ್ರೀಮಿನ ಹೂವು ಮೂಡಿಸುವುದು, ಹೆಸರು ಬರೆಯುವುದು ಅವರ ಕೆಲಸ. ಗಂಡ ತೀರಿಕೊಂಡ ಹೊಸದರಲ್ಲಿ ಅಲ್ಲಿ ಪಾತ್ರೆ ತೊಳೆಯಲು ಸೇರಿದವರು. ಕೇಕು ಬರೆಯುವಾತ ಊಟಕ್ಕೆ ಹೋದಾಗ ಅವನು ಬಿಟ್ಟ ಕ್ರೀಮನ್ನು ಚೀಲಕ್ಕೆ ತುಂಬಿ, ತೊಳೆದಿಟ್ಟ ತಟ್ಟೆಯ ಬೆನ್ನ ಮೇಲೆ ಹಿಂಡಿ, ಕೆರೆದು, ಮತ್ತೆ ಹಿಂಡಿ ತಾವಾಗಿಯೇ ಕಲಿತರು. ಆ ಕೆಲಸ ಕಲಿಯುವವರು ಮೊದಲು ಚುಕ್ಕಿ ಇಡುತ್ತಾರೆ, ಆಮೇಲೆ ಗೆರೆ, ಆಮೇಲೆ ಅಲೆ, ಗುಲಾಬಿ ಕಟ್ಟಕಡೆಗೆ. ಇವರು ಗುಲಾಬಿಯಿಂದಲೇ ಶುರು ಮಾಡಿದರಂತೆ.

"ಮತ್ತೆ ಚುಕ್ಕಿ?" ಎಂದು ಮೇಷ್ಟ್ರು ಕೇಳಿದರು.

"ಚುಕ್ಕಿ ಇಡೋಕೆ ಮನಸ್ಸೇ ಬರ್ಲಿಲ್ಲ. ಗುಲಾಬಿ ಮೇಲೆ ಆಸೆ ಇತ್ತು. ಬಹಳ ದಿನ ಎಲೆಕೋಸು ಬಂತು, ಆಮೇಲೆ ಗುಲಾಬಿ ಬಂತು. ಚುಕ್ಕಿ ಅದರ ಜೊತೇಲಿ ತಾನೇ ಬಂತು."

ಈ ಉತ್ತರ ಕೇಳಿದಾಗಲೇ ಮೇಷ್ಟ್ರು ಎಚ್ಚರಗೊಳ್ಳಬೇಕಿತ್ತು. ಅವರ ಶಾಲೆಗೂ ಒಂದು ಕ್ರಮವಿತ್ತು. ಮೊದಲು ಸ್ಟೀರಿಂಗು, ಆಮೇಲೆ ಕ್ಲಚ್ಚು, ಗೇರು, ಖಾಲಿ ರಸ್ತೆ, ತುಂಬಿದ ರಸ್ತೆ, ಏರು, ಇಳಿಜಾರು. ರಿವರ್ಸು ಎನ್ನುವುದು ಎಲ್ಲ ಮುಗಿದ ಮೇಲಿನ ವಿದ್ಯೆ. ಅದನ್ನು ಅಷ್ಟು ದೂರ ಬಂದು ಬದುಕುಳಿದವರಿಗೆ ಮಾತ್ರ ಅವರು ದಯಪಾಲಿಸುತ್ತಿದ್ದರು.

"ಅಕ್ಕಾ, ಮುಂದಕ್ಕೆ ಹೋಗೋಕೆ ಬಾರದವರು ಹಿಂದಕ್ಕೆ ಹೇಗೆ ಬರ್ತೀರಾ?"

ಕೇಕಿನಕ್ಕ ಆಗ ವಿಷಯ ಹೇಳಿದರು. ಅವರ ಮನೆ ಇರುವುದು ಒಂದು ಗಲ್ಲಿಯ ಕೊನೆಯಲ್ಲಿ. ಗಲ್ಲಿಗೆ ಎರಡು ತಿರುವು, ಕೊನೆಗೆ ಗೋಡೆ. ಒಳಗೆ ಹೋದ ಗಾಡಿ ತಿರುಗಿಸಲು ಜಾಗವಿಲ್ಲ. ಟ್ಯಾಕ್ಸಿಯವರು ಗಲ್ಲಿಯ ಬಾಯಲ್ಲಿ ಒಮ್ಮೆ ಇಣುಕಿ, ತಲೆ ಅಲ್ಲಾಡಿಸಿ ಹೋಗಿಬಿಡುತ್ತಾರೆ. ಮನೆಯಲ್ಲಿ ಎಂಬತ್ತರ ತಾಯಿ. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಕೀಲು ಮುರಿದು, ಆಪರೇಷನ್ ಆಗಿದೆ. ವಾರಕ್ಕೊಮ್ಮೆ ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಹೋದರೆ ಮತ್ತೆ ನಡೆಯುತ್ತಾರೆ. ಹೋಗದಿದ್ದರೆ ಕೀಲು ಬಿಗಿದುಕೊಂಡು ಮಂಚವೇ ಗತಿ ಎಂದು ಡಾಕ್ಟರು ಹೇಳಿದ್ದಾರೆ. ಗಾಲಿಕುರ್ಚಿ ತಂದರೆ ಅದರ ಚಿಕ್ಕ ಗಾಲಿ ಮೋರಿಯ ಚಪ್ಪಡಿಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಆಮೇಲೆ ಅಕ್ಕಪಕ್ಕದ ಇಬ್ಬರು ಗಂಡಸರು ಅಜ್ಜಿಯನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ, ಎತ್ತಿಕೊಂಡು ದೊಡ್ಡ ರಸ್ತೆಯವರೆಗೆ ಸಾಗಿಸಿದರು. ಗಲ್ಲಿಯ ಜನವೆಲ್ಲ ಬಾಗಿಲಿಗೆ ಬಂದು ನೋಡಿದರು. ಅಜ್ಜಿ ಟೆಲಿಫೋನ್ ಕಚೇರಿಯಲ್ಲಿ ಮೇಲ್ವಿಚಾರಕಿಯಾಗಿ ನಿವೃತ್ತರಾದವರು. "ಸೋಫಾ ಸಾಗಿಸೋ ಹಾಗೆ ನನ್ನ ಸಾಗಿಸಿದ್ರು. ಇನ್ನು ನಾನು ಈ ಹೊಸಿಲು ದಾಟಲ್ಲ," ಎಂದು ಕೂತುಬಿಟ್ಟಿದ್ದಾರೆ.

"ಬೇಕರಿ ಯಜಮಾನ್ರ ಹತ್ರ ಒಂದು ಹಳೇ ಕಾರಿದೆ. ಲೈಸೆನ್ಸ್ ಮಾಡಿಸ್ಕೊಂಡ್ರೆ ವಾರಕ್ಕೊಂದಿನ ಕೊಡ್ತೀನಿ ಅಂದಿದ್ದಾರೆ. ಅಮ್ಮ ಬಾಗಿಲಲ್ಲೇ ಕಾರು ಹತ್ತಬೇಕು. ಅಷ್ಟೇ."

ಮೇಷ್ಟ್ರ ಮನಸ್ಸು ಕರಗಿತು. ಆದರೂ ಮೇಷ್ಟ್ರತನ ಕರಗಲಿಲ್ಲ. "ಗಲ್ಲಿಯೊಳಗೆ ಮುಂದಾಗಿ ಹೋಗಿ, ಬರುವಾಗ ರಿವರ್ಸ್ ಬನ್ನಿ. ಎಲ್ಲರೂ ಹಾಗೇ ಮಾಡೋದು."

"ಅಮ್ಮನ್ನ ಕೂರಿಸ್ಕೊಂಡು ದೊಡ್ಡ ರಸ್ತೆಗೆ ಬೆನ್ನು ಹಾಕ್ಕೊಂಡು ಬರ್ಲಾ? ಖಾಲಿ ಕಾರು ಎಲ್ಲಾದ್ರೂ ತಾಗಲಿ, ಪರವಾಗಿಲ್ಲ. ಅಮ್ಮ ಕೂತ ಮೇಲೆ ನೇರ ಹೋಗ್ಬೇಕು."

"ಸರಿ ಹಾಗಾದ್ರೆ, ನಾನೇ ತಂದು ನಿಲ್ಲಿಸ್ತೀನಿ."

"ಪ್ರತಿ ವಾರ ಬರ್ತೀರಾ?"

"ಆದ್ರೂ ಮೊದಲು ರಸ್ತೇಲಿ ಓಡಿಸೋದು ಕಲೀರಿ" ಎಂದು ಮೇಷ್ಟ್ರು ಕೊನೆಯದಾಗಿ ಗೊಣಗಿದರು.

"ಗಲ್ಲಿಯೊಳಗೆ ಹೋಗೋಕೇ ಆಗದಿದ್ರೆ ರಸ್ತೆ ಕಟ್ಕೊಂಡು ನಂಗೇನಾಗ್ಬೇಕು, ಮೇಷ್ಟ್ರೆ? ಯಾವ ಪೆಡಲು ಯಾವುದು ಅಂತ ಒಂದ್ಸಲ ಹೇಳಿ, ರಿವರ್ಸ್ ಗೇರು ತೋರಿಸಿ. ಆಮೇಲೆ ನಾನು ಕೇಳೋ ತನಕ ಮಾತಾಡ್ಬೇಡಿ."

ಮೀನಿಗೆ ಈಜಬೇಡ ಎಂದ ಹಾಗಾಯಿತು. ಮೇಷ್ಟ್ರು ಬದುಕಿದ್ದೇ ಬಾಯಿಂದ. ಕ್ಲಚ್ಚು, ಕ್ಲಚ್ಚು, ನಿಧಾನ, ಎಡಕ್ಕೆ, ಇನ್ನೂ ಎಡಕ್ಕೆ, ಅಯ್ಯೋ ನಿಮ್ಮ, ಬಲಕ್ಕೆ! ಈ ಮಂತ್ರ ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಲ್ಲಿ ಹರಿಯುತ್ತಿತ್ತು. ನಿದ್ದೆಯಲ್ಲೂ ಹರಿಯುತ್ತಿತ್ತು ಎಂದು ಹೆಂಡತಿ ದೂರುತ್ತಿದ್ದರು.

ಪಾಠ ನಡೆದದ್ದು ಮುಚ್ಚಿಹೋದ ಕಾರ್ಖಾನೆಯೊಂದರ ಹಿಂದಿನ ಬಯಲಲ್ಲಿ. ಕೇಕಿನಕ್ಕ ಬರುವಾಗ ಬೇಕರಿಯಲ್ಲಿ ಪೊಟ್ಟಣ ಕಟ್ಟುವ ದಾರದ ಉಂಡೆ ತಂದಿದ್ದರು. ಗಲ್ಲಿಯ ಅಗಲ, ತಿರುವಿನ ಉದ್ದ ಎಲ್ಲವನ್ನೂ ಆ ದಾರದಿಂದ ಅಳೆದು ಗಂಟು ಹಾಕಿದ್ದರು. ಶಾಲೆಯ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಆ ಗಂಟುಗಳ ಪ್ರಕಾರ ಉರುಳಿಸಿ ಉರುಳಿಸಿ ನಿಲ್ಲಿಸಿದರು. ಬಯಲಲ್ಲೇ ಅವರ ಗಲ್ಲಿ ಎದ್ದು ನಿಂತಿತು. ಮೊದಮೊದಲು ಡ್ರಮ್ಮುಗಳನ್ನು ದೂರ ದೂರ ಇಟ್ಟುಕೊಳ್ಳುವರು. ಕೈಗೆ ಧೈರ್ಯ ಬಂದ ದಿನ ತಾವೇ ಇಳಿದು ಹತ್ತಿರ ತಳ್ಳುವರು. ಮತ್ತೆ ಸೋತ ದಿನ ತಾವೇ ದೂರ ಸರಿಸುವರು. ಇವತ್ತು ಯಾವ ತಿರುವು, ಎಷ್ಟು ಸಲ, ಎಲ್ಲ ಅವರದೇ ಯಜಮಾನಿಕೆ. ಗಲ್ಲಿಯ ಬುಡ ಸೇರಿದ ಕಾರನ್ನು ಮತ್ತೆ ಮುಂದಕ್ಕೆ ತರುವ ಕೆಲಸ ಮಾತ್ರ ಮೇಷ್ಟ್ರದು. "ನೀವೇ ತಂದ್ಬಿಡಿ, ಅದರಲ್ಲಿ ನಂಗೆ ಆಸಕ್ತಿ ಇಲ್ಲ" ಎಂದು ಕೇಕಿನಕ್ಕ ಇಳಿದು ನಿಲ್ಲುವರು. ಮೇಷ್ಟ್ರು ಈ ಕಡೆಯಿಂದ ಇಳಿದು, ಕಾರು ಸುತ್ತಿ, ಆ ಕಡೆ ಹತ್ತಿ, ಕಾರನ್ನು ಮುಂದೆ ತಂದು, ಮತ್ತೆ ಇಳಿದು, ಸುತ್ತಿ, ಈ ಕಡೆ ಹತ್ತುವರು. ಶಿಷ್ಯೆಗಿಂತ ಹೆಚ್ಚು ವ್ಯಾಯಾಮ ಗುರುವಿಗೇ ಆಯಿತು.

ಡ್ರಮ್ಮುಗಳು ದಿನವೂ ಧಡಧಡ ಉರುಳಿದವು. ಮೇಷ್ಟ್ರು ನಾಲಿಗೆ ಕಚ್ಚಿಕೊಂಡು ಕೂತರು. ಇನ್ನೊಂದು ಡ್ರಮ್ಮು ಉರುಳಿತು. ಏನಾದರೂ ಕೇಳುತ್ತಾರೇನೋ ಎಂದು ಆಸೆಯಿಂದ ಮುಖ ನೋಡಿದರು. ಕೇಕಿನಕ್ಕ ಸುಮ್ಮನೆ ಇಳಿದು ಡ್ರಮ್ಮು ಎತ್ತಿ ನಿಲ್ಲಿಸಿ ಬಂದರು. ಅಪರೂಪಕ್ಕೊಮ್ಮೆ ಕಾರು ಒಂದು ತಿರುವನ್ನು ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ದಾಟಿತು. ತಕ್ಷಣ ಅವರು ಕಾರು ನಿಲ್ಲಿಸಿ, "ಹೇಳಿ ಮೇಷ್ಟ್ರೆ, ಈಗ ನಾನೇನು ಮಾಡ್ದೆ?" ಅಂದರು.

ಮೇಷ್ಟ್ರಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. "ಅಲ್ಲಾ ಅಕ್ಕಾ, ಬೆಳಗ್ಗೆಯಿಂದ ಡ್ರಮ್ಮಿಗೆ ಗುದ್ದಿದಾಗೆಲ್ಲ ಒಂದು ಮಾತು ಕೇಳ್ಲಿಲ್ಲ. ಚೆನ್ನಾಗಿ ಬಂದಾಗ ಕೇಳ್ತೀರಲ್ಲ!"

"ಗುದ್ದಿದ್ದು ನಂಗೇ ಕೇಳಿಸ್ತಲ್ಲ. ಅದರಲ್ಲಿ ಕೇಳೋದೇನಿದೆ? ಸರಿಯಾಗಿ ಹೋದಾಗ ಯಾಕೆ ಸರಿಯಾಗಿ ಹೋಯ್ತು ಅಂತ ಗೊತ್ತಾಗಲ್ಲ. ಅದನ್ನ ಹೇಳಿ."

ಮೇಷ್ಟ್ರು ಹೇಳಲು ಬಾಯಿ ತೆರೆದರು. ಬಾಯಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷ ಅವರು ತಪ್ಪನ್ನು ಮಾತ್ರ ನೋಡಿದ್ದರು. ಸರಿಯಾದದ್ದು ಕಂಡರೆ ಅದು ಬಿಡುವಿನ ಹೊತ್ತು ಎಂದು ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದರು. ಈಗ ಕಣ್ಣು ಕೀಲಿಸಿ ಕೂರಬೇಕಾಯಿತು. "ಹಿಂದಿನ ಗಾಲಿ ಡ್ರಮ್ಮಿನ ಹತ್ರ ಬಂದ ಮೇಲೇ ಸ್ಟೀರಿಂಗ್ ತಿರುಗಿಸಿದ್ರಿ. ಅದಕ್ಕೇ ಇರ್ಬೇಕು" ಎಂದರು. "ಹಾಂ, ಅಷ್ಟು ಸಾಕು" ಎಂದು ಕೇಕಿನಕ್ಕ ಕೈ ಎತ್ತಿದರು. ಮೇಷ್ಟ್ರ ಬಾಯಲ್ಲಿ ಇನ್ನೂ ಅರ್ಧ ಗಂಟೆಯ ಮಾತು ಉಳಿದಿತ್ತು. ಅದನ್ನು ಮನೆಗೆ ಹೊತ್ತುಕೊಂಡು ಹೋದರು.

ಇಷ್ಟರ ನಡುವೆ ಬಲಗಾಲು ಒಮ್ಮೆ ಕೈಕೊಟ್ಟಿತು. ಎರಡನೆಯ ತಿರುವಿನಲ್ಲಿ ಡ್ರಮ್ಮು ಇನ್ನೇನು ಬಿತ್ತು ಅನ್ನುವಾಗ ತಾನೇ ಎದ್ದು ಬ್ರೇಕು ಒತ್ತಿಬಿಟ್ಟಿತು. ಕೇಕಿನಕ್ಕ ಇಂಜಿನ್ನು ಆರಿಸಿದರು.

"ಇದು ಯಾರ ಪಾಠ?"

"ಅಲ್ಲ, ಡ್ರಮ್ಮು..."

"ಇದನ್ನ ನಿಮ್ಮ ಖಾತೇಲಿ ಹಾಕ್ಕೊಳ್ಳಿ. ನಾನು ಇನ್ನೊಂದ್ಸಲ ಬರ್ತೀನಿ."

ಮನೆಗೆ ಬಂದು ಮೇಷ್ಟ್ರು ಹೆಂಡತಿಯ ಮುಂದೆ ಕುದಿದರು. "ಸಾಕಾಗಿ ಹೋಯ್ತು ಕಣೇ. ನನ್ನ ಕಾರಲ್ಲಿ ನಾನು ಮಾತಾಡೋ ಹಾಗಿಲ್ಲ, ನನ್ನ ಬ್ರೇಕ್ ನಾನು ಒತ್ತೋ ಹಾಗಿಲ್ಲ. ಬಾಯಿಗೆ ಬೀಗ ಹಾಕಿ ಕೂರಿಸಿದ್ದಾಳೆ ಮಹಾತಾಯಿ!"

ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದರು. "ಹೇಗೆ ಕೂರಿಸಿದ್ರಂತೆ? ಅವರನ್ನೊಂದಿನ ಮನೆಗೆ ಕರ್ಕೊಂಡು ಬನ್ನಿ. ನಾನೂ ಸ್ವಲ್ಪ ಕಲೀತೀನಿ."

ಅದೇ ವಾರ ಮೇಷ್ಟ್ರ ಗಂಟಲು ಕಟ್ಟಿತು. ಆಡದೆ ಉಳಿದ ಮಾತೆಲ್ಲ ಅಲ್ಲಿ ಗಂಟು ಕಟ್ಟಿದೆ ಎಂದು ಹೆಂಡತಿ ರೋಗ ಪತ್ತೆಹಚ್ಚಿದರು. ಮೇಷ್ಟ್ರಿಗೆ ಇನ್ನೊಬ್ಬ ಶಿಷ್ಯರಿದ್ದರು, ಬ್ಯಾಂಕಿನ ಮ್ಯಾನೇಜರು. ತಮ್ಮ ಹೆಂಡತಿಯ ಒತ್ತಾಯಕ್ಕೆ ಕಲಿಯಲು ಬಂದವರು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದರು. ಗೇರು ಅಂದರೆ ಗೇರು, ಹಾರನ್ ಅಂದರೆ ಹಾರನ್. ಇಂಥ ಶಿಷ್ಯ ಸಿಗಬೇಕು ಎಂದು ಮೇಷ್ಟ್ರು ಅವರನ್ನು ಎಲ್ಲರೆದುರು ಹೊಗಳುತ್ತಿದ್ದರು. ಗಂಟಲು ಕಟ್ಟಿದ ದಿನ ಮ್ಯಾನೇಜರು ನಾಲ್ಕು ರಸ್ತೆ ಕೂಡುವಲ್ಲಿಗೆ ಬಂದು, ನಟ್ಟನಡುವೆ ಕಾರು ನಿಲ್ಲಿಸಿ, "ಈಗೇನು ಮಾಡ್ಲಿ ಸಾರ್?" ಎಂದು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕೈಸನ್ನೆ ಮಾಡಿದರು. "ಬಾಯಲ್ಲಿ ಹೇಳಿ ಸಾರ್, ಸನ್ನೆ ಅಭ್ಯಾಸ ಇಲ್ಲ." ನಾಲ್ಕೂ ದಿಕ್ಕಿನಿಂದ ಹಾರನ್ನುಗಳು ಬಾಯಿ ಬಡಿದುಕೊಂಡವು. ಕಡೆಗೆ ಟ್ರಾಫಿಕ್ ಪೊಲೀಸರೇ ಬಂದು ಬಾಯಲ್ಲಿ ಹೇಳಿದರು, ಬಹಳ ಹೇಳಿದರು. ಆ ಮ್ಯಾನೇಜರು ಮೇಷ್ಟ್ರ ಪೂರ್ತಿ ಪಾಠವನ್ನು ಮೂರನೆಯ ಸಲ ಕಲಿಯುತ್ತಿದ್ದರು ಎಂಬುದು ಮೇಷ್ಟ್ರಿಗೆ ಅಂದು ಮೊದಲ ಸಲ ಚುಚ್ಚಿತು. ಅದರಿಂದ ಕೇಕಿನಕ್ಕನ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು.

ಒಂದು ಮಧ್ಯಾಹ್ನ ಮೇಷ್ಟ್ರು ಆ ಗಲ್ಲಿಯನ್ನು ಕಣ್ಣಾರೆ ನೋಡಿಯೇ ಬಿಡೋಣವೆಂದು ನಡೆದು ಹೋದರು. ಎರಡನೆಯ ತಿರುವಿನಲ್ಲಿ ಎದುರಿಗೆ ತಳ್ಳುಗಾಡಿಯೊಂದು ಬಂತು; ಗೋಡೆಗೆ ಬೆನ್ನೊತ್ತಿ ನಿಂತು ಅದಕ್ಕೆ ದಾರಿ ಬಿಟ್ಟರು. ನಾನೇ ತಂದು ನಿಲ್ಲಿಸುತ್ತೇನೆ ಎಂದಿದ್ದನ್ನು ಕೇಕಿನಕ್ಕ ಒಪ್ಪದಿದ್ದುದಕ್ಕೆ ಮೇಷ್ಟ್ರು ಮನಸ್ಸಿನಲ್ಲೇ ಕೈಮುಗಿದರು.

ಮನೆಯೊಳಗೆ ಅಜ್ಜಿ ಮಂಚದಂಚಿನಲ್ಲಿ ಕೂತು ಒಂದು ಗಿಡ್ಡ ಕುರ್ಚಿಯನ್ನು ದಿಟ್ಟಿಸುತ್ತಿದ್ದರು. ವಾಕರ್ ಹಿಡಿದು ಎದ್ದರು, ಕುರ್ಚಿಗೆ ಬೆನ್ನು ಮಾಡಿ ನಿಂತರು, ಮೆಲ್ಲಗೆ ಕೂತರು, ಎರಡೂ ಕಾಲನ್ನು ಒಟ್ಟಿಗೆ ಎಡಕ್ಕೆ ಹೊರಳಿಸಿದರು. ಮತ್ತೆ ಎದ್ದರು.

"ಏನಜ್ಜಿ ಇದು? ಆಸ್ಪತ್ರೆಯವರು ಹೇಳಿಕೊಟ್ಟ ವ್ಯಾಯಾಮವಾ?"

"ಅವರು ಮಲಗಿ ಕಾಲೆತ್ತು ಅಂದ್ರು. ಕಾಲೆತ್ತಿ ನಾನ್ಯಾರನ್ನ ಒದೀಬೇಕು? ಮಗಳು ಬಾಗಿಲಿಗೆ ಕಾರು ತರ್ತಾಳಂತೆ. ನಾನು ಕಾರು ಹತ್ತೋದು ಕಲೀತಿದ್ದೀನಿ. ಯಾರೂ ನನ್ನ ಎತ್ತಿ ಒಳಗೆ ಹಾಕಬಾರದು. ನೀವು ಯಾರು?"

"ಡ್ರೈವಿಂಗ್ ಮೇಷ್ಟ್ರು."

"ಓ, ಮಾತಾಡದ ಮೇಷ್ಟ್ರು! ಬನ್ನಿ, ಆ ಪೊರಕೆ ಹಿಡ್ಕೊಂಡು ಇಲ್ಲಿ ನಿಂತ್ಕೊಳ್ಳಿ. ನೀವು ಕಾರಿನ ಬಾಗಿಲು."

ಮೇಷ್ಟ್ರು ಪೊರಕೆ ಹಿಡಿದು ನಿಂತರು. "ಜಾಸ್ತಿ ತೆರ್ಕೋಬೇಡಿ, ಗಲ್ಲೀಲಿ ಅಷ್ಟು ಜಾಗ ಇಲ್ಲ" ಎಂದು ಅಜ್ಜಿ ಗದರಿದರು. ಮೇಷ್ಟ್ರು ಪೊರಕೆಯನ್ನು ಒಳಕ್ಕೆ ಎಳೆದುಕೊಂಡರು. ತಾಯಿಗೆ ತಕ್ಕ ಮಗಳೋ, ಮಗಳಿಗೆ ತಕ್ಕ ತಾಯಿಯೋ, ಒಟ್ಟಿನಲ್ಲಿ ಈ ಮನೆತನವೇ ತಮ್ಮ ಪ್ರಾಣ ಹಿಂಡಲು ಹುಟ್ಟಿದೆ ಎಂದುಕೊಂಡರು. ಹೊರಡುವಾಗ ಅಜ್ಜಿ ಮೆಲ್ಲಗೆ, "ತರ್ತಾಳಾ?" ಎಂದು ಕೇಳಿದರು. ಅಲ್ಲಿಯವರೆಗಿನ ಜೋರು ಆ ದನಿಯಲ್ಲಿರಲಿಲ್ಲ. ಮೇಷ್ಟ್ರು ಪೊರಕೆಯನ್ನು ಮೂಲೆಗಿಟ್ಟು ಬಂದರು.

ಲೈಸೆನ್ಸ್ ಪರೀಕ್ಷೆಯ ದಿನ ಬಂತು. ಅದಕ್ಕೆ ಮುಂದಕ್ಕೆ ಓಡಿಸಲೇಬೇಕು. ಮೇಷ್ಟ್ರು ಕಾಲಿಗೆ ಬಿದ್ದಷ್ಟು ಮಾಡಿ ಕೇಕಿನಕ್ಕನಿಂದ ಒಂದಿಷ್ಟು ಮುಂದಿನ ಅಭ್ಯಾಸ ಮಾಡಿಸಿದ್ದರು. ಮನಸ್ಸಿಲ್ಲದ ಕೈಯಲ್ಲಿ ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಪರೀಕ್ಷೆಯ ಮೈದಾನದಲ್ಲಿ ನೆಲದ ಮೇಲೆ ಎಂಟರ ಆಕಾರದ ದಾರಿ ಬಿಡಿಸಿತ್ತು. ಮೇಷ್ಟ್ರನ್ನು ಬೇಲಿಯಾಚೆ ನಿಲ್ಲಿಸಿದರು. ಇನ್‌ಸ್ಪೆಕ್ಟರು ಕೇಕಿನಕ್ಕನ ಪಕ್ಕ ಕೂತು, "ಹೂಂ, ಹೊರಡಿ," ಅಂದರು.

ಕೇಕಿನಕ್ಕ ಒಮ್ಮೆ ಉಸಿರು ಬಿಟ್ಟು, ಕೈಗೆ ಗೊತ್ತಿದ್ದ ಗೇರಿಗೆ ಕೈ ಹಾಕಿದರು. ಕಾರು ಹಿಂದಕ್ಕೆ ಹೊರಟಿತು. ಬೇಲಿಯಾಚೆಯಿಂದ ಮೇಷ್ಟ್ರು, "ಮುಂದೆ! ಮುಂದೆ!" ಎಂದು ಕೂಗಿದರು. ಗಾಜು ಏರಿಸಿತ್ತು, ಕೇಳಿಸಲಿಲ್ಲ. ಕೇಳಿಸಿದ್ದರೂ ಅವರ ಮಾತನ್ನು ಲೆಕ್ಕಕ್ಕಿಡದ ಅಭ್ಯಾಸ ಅಲ್ಲಿ ಚೆನ್ನಾಗಿ ಆಗಿತ್ತು. ಕಾರು ಹಿಂದುಹಿಂದಾಗಿಯೇ ಎಂಟರ ಮೊದಲ ಸುತ್ತು ಹಾಕಿತು, ನಡುವಿನ ಕತ್ತಿನಲ್ಲಿ ನಯವಾಗಿ ನುಸುಳಿತು, ಎರಡನೆಯ ಸುತ್ತು ಮುಗಿಸಿ, ಹೊರಟ ಜಾಗಕ್ಕೇ ಬಂದು ನಿಂತಿತು. ಒಂದು ಗೆರೆಯನ್ನೂ ತುಳಿದಿರಲಿಲ್ಲ. ತಮ್ಮ ಸರದಿಗೆ ಕಾದಿದ್ದವರು ಚಪ್ಪಾಳೆ ಹೊಡೆದರು. ಇನ್‌ಸ್ಪೆಕ್ಟರು ಇಳಿದು ಬಂದು ಮೇಷ್ಟ್ರ ಮುಂದೆ ನಿಂತರು.

"ಏನ್ರೀ ಕಲಿಸಿದ್ದೀರಾ ಇವರಿಗೆ?"

"ನಾನೇನೂ ಕಲಿಸಿಲ್ಲ ಸಾರ್," ಎಂದು ಮೇಷ್ಟ್ರು ಸತ್ಯವನ್ನೇ ಹೇಳಿದರು.

"ನನ್ನ ಸರ್ವಿಸ್‌ನಲ್ಲೇ ಇಂಥ ಎಂಟು ನೋಡಿಲ್ಲ. ಫೇಲು. ಮುಂದಿನ ತಿಂಗಳು ಮುಂದಕ್ಕೆ ಓಡಿಸೋದು ಕಲಿತು ಬರ್ಲಿ."

ದಾರಿಯುದ್ದಕ್ಕೂ ಮೇಷ್ಟ್ರ ಕೋಪ ಕಟ್ಟೆಯೊಡೆದು ಹರಿಯಿತು. ಶಾಲೆಯ ಹೆಸರು ಹಾಳಾಯಿತು, ಬಡಕೊಂಡೆನಲ್ಲ, ಕ್ರಮ ಅನ್ನುವುದು ಯಾಕಿದೆ, ಯಾರಾದರೂ ನನ್ನ ಮಾತು ಕೇಳಿದರೆ ತಾನೇ? ಕೇಕಿನಕ್ಕ ತಡೆಯದೆ ಎಲ್ಲ ಕೇಳಿಸಿಕೊಂಡರು. ಆ ದಿನ ಅವರ ಮುಖ ಬಾಡಿತ್ತು. ಮೇಷ್ಟ್ರು ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಿದರು:

"ಡಾಕ್ಟ್ರು ಫೋನ್ ಮಾಡಿದ್ರು. ಕೀಲು ಬಿಗೀತಾ ಬಂದಿದೆ, ಈ ಬುಧವಾರವೂ ಬರದಿದ್ರೆ ಆಮೇಲೆ ಬಂದೂ ಉಪಯೋಗ ಇಲ್ಲ ಅಂದ್ರು. ಕುರ್ಚೀಲಿ ಎತ್ಕೊಂಡು ಹೋಗೋಣ ಅಂದ್ರೆ ಅಮ್ಮ ಗೋಡೆ ಕಡೆ ತಿರುಗಿ ಮಲಗಿಬಿಟ್ರು."

ಮೇಷ್ಟ್ರು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದರು.

"ಕಲಿಯೋರ ಬೋರ್ಡು ಹಾಕ್ಕೊಂಡು, ಪಕ್ಕದ ಸೀಟಲ್ಲಿ ನೀವು ಕೂತ್ರೆ ಓಡಿಸಬಹುದಲ್ಲ, ಮೇಷ್ಟ್ರೆ? ಈಗ ನಂಗೆ ಮುಂದಕ್ಕೆ ಹೋಗೋದು ಬೇಕು. ಇವತ್ತೇ ಶುರು ಮಾಡೋಣ."

ಬೇಕು ಅಂದ ಮೇಲೆ ಬಂತು. ಕಪ್ಪೆ ಕುಪ್ಪಳಿಸುವುದನ್ನು ನಿಲ್ಲಿಸಿತು; ಬುಧವಾರದ ಹೊತ್ತಿಗೆ ಕಾರು ಮುದುಕಿಯ ನಡಿಗೆಯಲ್ಲಾದರೂ ರಸ್ತೆಯ ಮೇಲೆ ನೇರ ಹೋಗುತ್ತಿತ್ತು. ಬಡಕೊಂಡಾಗ ಬಾರದ್ದು ಈಗ ಹೇಗೆ ಬಂತು ಎಂದು ಮೇಷ್ಟ್ರಿಗೆ ಅದಕ್ಕೂ ಸಿಟ್ಟೇ ಬಂತು.

ಬುಧವಾರ ಮಧ್ಯಾಹ್ನ ಗಲ್ಲಿಯ ಬಾಯಿಗೆ ಮೇಷ್ಟ್ರ ಕಾರು ಬೆನ್ನು ಮಾಡಿ ನಿಂತಿತು. ಕೇಕಿನಕ್ಕ ಎರಡೂ ಕನ್ನಡಿಗಳನ್ನು ಸರಿಮಾಡಿಕೊಂಡು, ಮೇಷ್ಟ್ರ ಕಾಲಿನ ಕಡೆ ನೋಡಿದರು. ಹೇಳದೆಯೇ ಅರ್ಥವಾಯಿತು. ಮೇಷ್ಟ್ರು ಬಲಗಾಲನ್ನು ಎತ್ತಿ, ಮಡಚಿ, ಅದರ ಮೇಲೆ ತಾವೇ ಕೂತರು. ಕಾರು ಗಲ್ಲಿಯೊಳಗೆ ಹಿಂದಕ್ಕೆ ಜಾರಿತು. ಗೋಡೆಗಳು ಎರಡೂ ಕಡೆ ಕಿಟಕಿಗೆ ಬಂದು ಮುಖ ತೋರಿಸಿದವು. ಯಾರದೋ ಒಣಹಾಕಿದ ಟವೆಲು ಗಾಜನ್ನು ಒರೆಸಿಕೊಂಡು ಹೋಯಿತು. ಕಾರಿನ ಬಾಲ ಮೊದಲ ತಿರುವಿಗೆ ವಾಲಿತು. ಮೇಷ್ಟ್ರ ಜೀವ ಬಾಯಿಗೆ ಬಂತು. ಬಾಯಿ ತೆರೆಯುವ ಹಾಗಿಲ್ಲವಾದ್ದರಿಂದ ಅಲ್ಲೇ ಕೂತಿತು.

ಕಾರು ನಿಂತಿತು.

"ಮೇಷ್ಟ್ರೆ, ಈ ತಿರುವು ಚೆನ್ನಾಗಿ ಬಂತಲ್ವಾ? ಏನು ಮಾಡ್ದೆ ನಾನು?"

ಮೇಷ್ಟ್ರು ಮೆಲ್ಲಗೆ ಹೇಳಿದರು, "ನಾನು ನೋಡ್ಲಿಲ್ಲ ಅಕ್ಕಾ. ಕಣ್ಣು ಮುಚ್ಚಿದ್ದೆ."

"ಸರಿ. ಮುಂದಿನದು ನೋಡಿ."

ಮುಂದಿನದನ್ನು ಮೇಷ್ಟ್ರು ನೋಡಿದರು. ತಿರುವಿನ ಮೂಲೆಯಲ್ಲಿ ಯಾರೋ ಹೂಕುಂಡ ಇಟ್ಟಿದ್ದರು. ದಾರದ ಗಂಟಿನಲ್ಲಿ ಅದು ಇರಲಿಲ್ಲ. ಕೇಕಿನಕ್ಕ ನಿಂತರು, ಒಂದು ಮೊಳ ಮುಂದೆ ಬಂದರು, ಮತ್ತೆ ಹಿಂದೆ ಹೋದರು. ಎಲ್ಲೋ ಕಿರ್ ಎಂದಿತು. ಅದು ಹೂಕುಂಡವಲ್ಲ, ಕಾರಿನ ಪೇಂಟು ಎಂದು ಮೇಷ್ಟ್ರಿಗೆ ಸದ್ದಿನಿಂದಲೇ ಗೊತ್ತಾಯಿತು. ಕೇಕಿನಕ್ಕನಿಗೂ ಗೊತ್ತಾಯಿತು, ಆದ್ದರಿಂದ ಏನೂ ಕೇಳಲಿಲ್ಲ. ಇನ್ನೊಮ್ಮೆ ಮುಂದೆ ಬಂದು ಇನ್ನೊಮ್ಮೆ ಹಿಂದೆ ಹೋದರು. ಹೂಕುಂಡ ಕಿಟಕಿಯ ಪಕ್ಕ ನಿಧಾನವಾಗಿ ಮುಂದಕ್ಕೆ ಸರಿಯಿತು. ಕಾರು ಕೊನೆಯ ಮನೆಯ ಮುಂದೆ, ಮೆಟ್ಟಿಲಿಗೆ ಹಿಂಬಾಗಿಲು ಸರಿಹೊಂದುವ ಹಾಗೆ ನಿಂತಿತು.

ಗಲ್ಲಿಯ ಬಾಗಿಲುಗಳಲ್ಲೆಲ್ಲ ತಲೆಗಳು ಮೂಡಿದವು. ಅಂದು ಕುರ್ಚಿ ಹೊತ್ತಿದ್ದ ಇಬ್ಬರೂ ಕೈಚಳಕ ತೋರಿಸಲು ಓಡಿ ಬಂದರು. ಅಜ್ಜಿ ಇಸ್ತ್ರಿ ಮಾಡಿದ ಸೀರೆಯಲ್ಲಿ, ವಾಕರ್ ಹಿಡಿದು ಹೊಸಿಲಲ್ಲಿ ನಿಂತಿದ್ದರು. "ಯಾರೂ ಮುಟ್ಟಬೇಡಿ" ಅಂದರು. ಕಾರಿಗೆ ಬೆನ್ನು ಮಾಡಿದರು. ಕೂತರು. ಕಾಲುಗಳನ್ನು ಹೊರಳಿಸುವಾಗ ಒಂದು ಕಾಲು ಬಾಗಿಲಂಚಿನಲ್ಲಿ ಸಿಕ್ಕಿಕೊಂಡಿತು. ಮೇಷ್ಟ್ರ ಎರಡೂ ಕೈ ತಾವಾಗಿ ಮುಂದೆ ಚಾಚಿದವು. ಅವನ್ನು ಹಿಂದಕ್ಕೆಳೆದು ಕಂಕುಳಲ್ಲಿ ಸೇರಿಸಿಕೊಂಡರು. ಅಜ್ಜಿ ಹಲ್ಲು ಕಚ್ಚಿ, ಕಾಲನ್ನು ಇನ್ನೊಮ್ಮೆ ಎತ್ತಿ ಒಳಗಿಟ್ಟುಕೊಂಡರು.

"ಏನು ನೋಡ್ತೀರಾ? ಕಾರು ನೋಡಿಲ್ವಾ?" ಎಂದು ಗಲ್ಲಿಯನ್ನು ಗದರಿಸಿದರು. "ಹೊರಡೇ, ಹೊತ್ತಾಯ್ತು."

ದೊಡ್ಡ ರಸ್ತೆಯಲ್ಲಿ ಕಾರು ಸೈಕಲ್ಲುಗಳಿಗೂ ದಾರಿ ಬಿಡುತ್ತ ಸಾಗಿತು. "ಹಿಂದಕ್ಕೆ ಇದಕ್ಕಿಂತ ಜೋರಾಗಿ ಬಂದ್ಯಲ್ಲೇ" ಎಂದು ಅಜ್ಜಿ ಹಿಂದಿನಿಂದ ಟೀಕಿಸಿದರು.

ಆಸ್ಪತ್ರೆಯಲ್ಲಿ ಅಜ್ಜಿಯನ್ನು ವ್ಯಾಯಾಮದ ಕೋಣೆಗೆ ಕರೆದುಕೊಂಡು ಹೋದರು. ಒಳಗಿಂದ ಅಜ್ಜಿ ಯಾರಿಗೋ, "ಅದು ಬೇಡ, ಮೆಟ್ಟಿಲು ಇಳಿಯೋದು ಹೇಳ್ಕೊಡು, ನಂಗೆ ಬೇಕಾಗಿರೋದು ಅದು" ಎಂದು ಆಜ್ಞೆ ಮಾಡುವುದು ಕೇಳಿಸುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಕೇಕಿನಕ್ಕ ಬಾಟಲಿಯ ನೀರು ಕುಡಿಯುತ್ತಿದ್ದರು. ಮೇಷ್ಟ್ರು ಜೋಮು ಹಿಡಿದ ಬಲಗಾಲನ್ನು ತಿಕ್ಕಿಕೊಂಡರು. ಕಡೆಗೂ ತಡೆಯಲಾಗಲಿಲ್ಲ.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಏನು ಕಲೀಬೇಕು ಅಂತ ನೀವೇ ಹೇಳಿದ್ರಿ. ಯಾವಾಗ ಸಾಕು ಅಂತ ನೀವೇ ಹೇಳಿದ್ರಿ. ಬಾಯಿ ತೆರೀಬೇಡ ಅಂದ್ರಿ, ಬ್ರೇಕ್ ಮುಟ್ಟಬೇಡ ಅಂದ್ರಿ. ಇವತ್ತು ನೋಡಿದ್ರೆ ನಾನು ಕಣ್ಣೂ ಮುಚ್ಕೊಂಡಿದ್ದೆ. ಹಾಗಾದ್ರೆ ಇಷ್ಟು ದಿನ ನಾನು ಯಾತಕ್ಕೆ ಬೇಕಾಗಿತ್ತು?"

ಕೇಕಿನಕ್ಕ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಮಾಡಿದರು.

"ಕಾರು ನಿಮ್ಮದಲ್ವಾ, ಮೇಷ್ಟ್ರೆ."